ಕಿಂಡಿಗೆ ತುರುಕಿದ ಟವೆಲ್ಲು

ತಪ್ಪು ಮಾಡದೆ ಬೈಸಿಕೊಳ್ಳುವುದು ಬಹಳ ಕಷ್ಟ ಎಂದು ಲೋಕ ಹೇಳುತ್ತದೆ. ನನಗೆ ಹಾಗೇನೂ ಅನ್ನಿಸಿಲ್ಲ. ಮದುವೆಯಾದಂದಿನಿಂದ ಅದು ರೂಢಿಯಾಗಿದೆ. ಆದರೆ ತಪ್ಪು ಮಾಡಿ ಹೊಗಳಿಸಿಕೊಳ್ಳುವುದಿದೆಯಲ್ಲ, ಅದು ಕಷ್ಟ. ಬೈಸಿಕೊಂಡವನು ಪಕ್ಕದ ಮನೆಗೆ ಹೋಗಿ ಗೋಳು ಹೇಳಿಕೊಳ್ಳಬಹುದು. ಹೊಗಳಿಸಿಕೊಂಡವನು ಎಲ್ಲಿಗೆ ಹೋಗಬೇಕು? ಹೋದ ಚಳಿಗಾಲದಿಂದ ನಾನು ಈ ಒಂಟಿತನದಲ್ಲಿದ್ದೇನೆ.

ನನ್ನ ಷಡ್ಡಕ ಶರಣಬಸವ, ಅಂದರೆ ಹೆಂಡತಿಯ ತಂಗಿಯ ಗಂಡ, ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಾನೆ. ಯಾರೋ ಹಿಮದಲ್ಲಿ ನಡೆದುಹೋಗಿ ಕಾಡಿನ ಗುಡಿಸಲಲ್ಲಿ ರಾತ್ರಿ ಕಳೆಯುವ ವಿಡಿಯೊ ನೋಡಿ ಅವನಿಗೆ ಹುಚ್ಚು ಹಿಡಿಯಿತು. “ಅಣ್ಣಾರ, ಹಿಮ ಇಲ್ಲಂದ್ರ ಏನಾತ್ರೀ? ದೇವದುರ್ಗದ ಕಡಿ ಗುಡ್ಡ ಅದ, ಥಂಡಿ ಅದ. ನಡೀರಿ, ಒಂದ್ ರಾತ್ರಿ ಇದ್ದು ಬರೋಣು” ಎಂದ. ನನ್ನ ಹೆಂಡತಿ, “ಇವ್ರಾ? ರಾಯಚೂರಾಗ ಫ್ಯಾನ್ ಎರಡರ ಮ್ಯಾಲ ಇಟ್ರ ಸೀನ್ತಾರ” ಎಂದು ನಕ್ಕಳು. ಆ ನಗುವಿಗಾಗಿಯೇ ಹೊರಟೆ.

ಬಿಸಿಲಿನ ವಿಷಯದಲ್ಲಿ ರಾಯಚೂರಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಶಾಖವನ್ನು ಮನೆಯಿಂದ ಹೊರಗಟ್ಟುವ ನೂರು ವಿದ್ಯೆ ನಮಗೆ ಗೊತ್ತು. ಒಳಗೆ ಹಿಡಿದಿಡುವ ವಿದ್ಯೆಯಲ್ಲಿ ಮಾತ್ರ ನಾವು ಒಂದನೇ ತರಗತಿ. ಮಂಕಿ ಕ್ಯಾಪು, ಎರಡು ಸ್ವೆಟರು, ಹೆಂಡತಿಯ ಶಾಲು ಸುತ್ತಿಕೊಂಡು ನಾನು ಗುಡ್ಡ ಹತ್ತುವುದನ್ನು ಕುರಿಗಳು ಮೇಯುವುದು ಬಿಟ್ಟು ನೋಡಿದವು. ಮೇಲೆ ಕುರಿ ಕಾಯುವ ಮಲ್ಲಪ್ಪನ ಕಲ್ಲಿನ ಗುಡಿಸಲಿತ್ತು. ಅದನ್ನು ನಮಗೆ ಬಿಟ್ಟುಕೊಟ್ಟು, ಕಂಬಳಿ ಹೊದ್ದು ಕುರಿಗಳ ಹತ್ತಿರ ಮಲಗಲು ಹೊರಟ ಅವನು, ನಾವು ಇದ್ದಿಲು ಹೊತ್ತಿಸಿದ್ದನ್ನು ಕಂಡು ಬಾಗಿಲಲ್ಲಿ ನಿಂತ. “ಸಾಹೇಬ್ರ, ಒಳಗ ಬೆಂಕಿ ಇಟ್ಟೀರಿ, ಕಿಂಡಿ ಮುಚ್ಚಬ್ಯಾಡ್ರಿ.”

“ಹೂಂನಪ್ಪಾ” ಎಂದೆ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಏನಾಗುತ್ತದೆಂದು ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಆದರೆ ಗಾಳಿ ನೇರವಾಗಿ ಕುತ್ತಿಗೆಗೇ ಬೀಸುತ್ತಿರುವಾಗ ಬೋರ್ಡು ಯಾರಿಗೆ ನೆನಪಾಗುತ್ತದೆ? ಅವನ ಹೆಜ್ಜೆ ಸದ್ದು ದೂರವಾಗುತ್ತಿದ್ದಂತೆ ನನ್ನ ಟವೆಲ್ಲನ್ನು ಕಿಂಡಿಗೆ ತುರುಕಿದೆ. ಬಾಗಿಲ ಸಂದಿಗೆ ಗೋಣಿಚೀಲ ಒತ್ತಿದೆ.

ಶರಣಬಸವ ಆಗಲೇ ಗೊರಕೆ ಹೊಡೆಯುತ್ತಿದ್ದ. ಗಿರಣಿಯವನ ಗೊರಕೆ, ಭತ್ತ ಹಾಕಿದ್ದರೆ ಅಕ್ಕಿಯಾಗಿ ಬರುತ್ತಿತ್ತು. ನಾನು ಕಿವಿ ಮುಚ್ಚಿಕೊಂಡೆ, ಮಗ್ಗುಲಾದೆ, ಅವನಿಗೆ ಹೆಣ್ಣು ಕೊಟ್ಟ ಮಾವನವರನ್ನು ಶಪಿಸಿದೆ. ಎಷ್ಟೋ ಹೊತ್ತಿನ ಮೇಲೆ ಗೊರಕೆ ತಟ್ಟನೆ ನಿಂತಿತು.

ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ: ನನಗೆ ಸಂತೋಷವಾಯಿತು. ‘ಅಬ್ಬಾ, ದೇವರಿದ್ದಾನೆ’ ಎಂದುಕೊಂಡು ಕಣ್ಣು ಮುಚ್ಚಿದೆ. ಆ ಮೌನವನ್ನು ಸವಿಯುತ್ತ ಎಷ್ಟು ನಿಮಿಷ ಮಲಗಿದ್ದೆನೋ ಗೊತ್ತಿಲ್ಲ. ಈಗ ಪ್ರತಿದಿನ ಆ ನಿಮಿಷಗಳನ್ನು ಎಣಿಸುತ್ತೇನೆ. ಒಮ್ಮೆ ಎರಡು ಬರುತ್ತದೆ, ಒಮ್ಮೆ ಹತ್ತು.

ತಲೆ ಸಿಡಿಯತೊಡಗಿ, ತೆವಳಿಕೊಂಡು ಹೊರಬಂದು ವಾಂತಿ ಮಾಡಿಕೊಂಡೆ. ತಣ್ಣನೆಯ ಗಾಳಿ ಮೂಗಿಗೆ ಹೊಡೆದಾಗ ಬೋರ್ಡು ನೆನಪಾಯಿತು. “ಶರಣೂ!” ಎಂದು ಕಿರುಚಿದೆ. ಒಳಗೆ ನುಗ್ಗಿ ಅವನ ಎರಡೂ ಕಾಲು ಹಿಡಿದು ಎಳೆದೆ. ಬಾಗಿಲಲ್ಲಿ ತಲೆ ಹೊಸ್ತಿಲಿಗೆ ಬಡಿಯಿತು. ಆಗಲೂ ಅವನು ‘ಅಯ್ಯೋ’ ಅನ್ನಲಿಲ್ಲ. ಮಲ್ಲಪ್ಪ ಓಡಿ ಬಂದ. “ಯಪ್ಪಾ, ಏಳೋ, ಏಳಪ್ಪಾ” ಎನ್ನುತ್ತ ಕೆನ್ನೆಗೆ ಬಡಿದ, ಎದೆ ತಿಕ್ಕಿದ. ನಾನು ನಾದಿನಿಗೆ ಹೇಳಬೇಕಾದ ಮೊದಲ ವಾಕ್ಯವನ್ನು ಹುಡುಕುತ್ತ ನಿಂತಿದ್ದೆ. ಅದು ಸಿಗುವ ಮೊದಲು ಶರಣಬಸವ ಕೆಮ್ಮಿದ. ಆಮೇಲೆ ಕಣ್ಣು ಬಿಟ್ಟು, “ಅಣ್ಣಾರ, ಬೆಳಗಾತೇನ್ರೀ?” ಎಂದ.

ಬೆಳಗಾದ ಮೇಲೆ ದೇವದುರ್ಗದ ಡಾಕ್ಟರು ಆಕ್ಸಿಜನ್ ಕೊಟ್ಟು, ಅಪಾಯವಿಲ್ಲವೆಂದರು. ಗುಡ್ಡ ಇಳಿಯುವ ಮೊದಲು ಮಲ್ಲಪ್ಪ ಕಿಂಡಿಯಿಂದ ಟವೆಲ್ಲು ಎಳೆದು, ಕೊಡವಿ, ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟಿದ್ದ. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.

ಶರಣಬಸವನಿಗೆ ಮಾತ್ರ ಏನೂ ನೆನಪಿಲ್ಲ. ಅಪಾಯ ಅವನದು, ಆದರೆ ಅದು ಬಂದಾಗ ಅವನು ನಿದ್ದೆಯಲ್ಲಿದ್ದ; ಎದ್ದಿದ್ದವನು ನಾನೊಬ್ಬನೇ. ಈಗ ಮನೆಯಲ್ಲಿ ಯಾವ ಕಿಟಕಿ ಮುಚ್ಚಿದರೂ ಎದ್ದು ತೆರೆಯುತ್ತೇನೆ. ಹೆಂಡತಿ ಸುಮ್ಮನೆ ಮಲಗಿದರೆ ಅಲುಗಾಡಿಸಿ ಕೇಳುತ್ತೇನೆ, “ಇದ್ದೀ ಏನು?” ಮೂರನೆಯ ದಿನ ಅವಳು ದಿಂಬು ಎತ್ತಿಕೊಂಡಳು. “ಸೊಳ್ಳಿ ಕೂಡ ಸಂಸಾರ ಮಾಡ್ರಿ” ಎಂದು ಪಕ್ಕದ ಕೋಣೆಗೆ ಹೋದವಳು ಇನ್ನೂ ಬಂದಿಲ್ಲ.

ಮೊನ್ನೆ ಸಿರವಾರದ ಮಾವನ ಮನೆಯಲ್ಲಿ ಊಟ. ಶರಣಬಸವ ಎಲ್ಲರೆದುರು, “ಅಣ್ಣಾರು ಎಳಕೊಂಡು ಬಂದಿದ್ದಿಲ್ಲಂದ್ರ ನಾ ಇವತ್ತ ಇಲ್ಲಿ ಕುಂದರತಿದ್ದಿಲ್ರೀ” ಎಂದ. ನಾದಿನಿ ಕಣ್ಣೊರೆಸಿಕೊಂಡಳು. ಇಂದು ಹೇಳಿಯೇ ಬಿಡಬೇಕೆಂದು, “ಅತ್ತೀ, ಅವತ್ತ ಆ ಕಿಂಡಿ...” ಎಂದು ಶುರು ಮಾಡಿದೆ. “ಕಿಂಡಿ ಪಂಡಿ ಆಮ್ಯಾಲ. ಜೀವ ಉಳಿಸಿದವ್ರು ಮದ್ಲ ಉಣ್ರಿ” ಎಂದು ಅತ್ತೆ ಹೋಳಿಗೆ ಬಡಿಸಿ, ತುಪ್ಪ ಸುರಿದರು. ಮಿಕ್ಕವರಿಗೆ ಒಂದೊಂದು, ನನಗೆ ಎರಡು.

ತಲೆ ತಗ್ಗಿಸಿ ತಿಂದೆ. ಎಂಥ ವಿನಯ ನೋಡ್ರಿ ಎಂದರು ಎಲ್ಲರೂ. ಮೂರನೆಯ ಹೋಳಿಗೆಯನ್ನು, ಹೇಳಿದರೆ ನೀವು ನಂಬಲಿಕ್ಕಿಲ್ಲ, ನಾನೇ ಕೇಳಿ ಹಾಕಿಸಿಕೊಂಡೆ.