ಗೋವೆಯನ್ನು ಬಿಡುತ್ತಲೇ ಇರುವ ಸೋದರಮಾವ

ಸಹೃದಯ ಓದುಗರಲ್ಲಿ ಸವಿನಯದಿಂದ ಅರಿಕೆ ಮಾಡಿಕೊಳ್ಳುವುದೇನೆಂದರೆ, ನನ್ನ ಸೋದರಮಾವನವರು ಕಳೆದ ಎರಡು ದಶಕಗಳಿಂದ ಗೋವೆಯನ್ನು ಬಿಟ್ಟು ಹೋಗುತ್ತಿದ್ದಾರೆ. ಇಷ್ಟು ದೀರ್ಘಕಾಲ ಒಂದು ಊರನ್ನು ಬಿಡುತ್ತಿರುವವರು ಬೇರೆ ಯಾರಾದರೂ ಇದ್ದಲ್ಲಿ ದಯವಿಟ್ಟು ತಿಳಿಸಬೇಕು. ನನ್ನ ಗಮನಕ್ಕಂತೂ ಬಂದಿಲ್ಲ.

ಮಾವನವರು ವಿಜಯಪುರದ ಕಡೆಯವರು. ಗೋವೆಯ ಕಾಣಕೋಣದಲ್ಲಿ ಮನೆಗಳ ನೆಲಕ್ಕೆ ಫರಸಿ ಕಲ್ಲು ಕೂಡಿಸುವ ಕೆಲಸ. ಅತ್ತೆಯವರು ಅಲ್ಲಿನ ಕಡಲ ದಂಡೆಯಲ್ಲಿ ಮಣಿಸರ, ಕಾಲ್ಗೆಜ್ಜೆ ಮಾರುತ್ತಾರೆ. ನಾನು ಪಣಜಿಯ ಒಂದು ಕಚೇರಿಯಲ್ಲಿ ಪತ್ರ ಬರೆಯುವ ನೌಕರ. ಪತ್ರವಲ್ಲದ್ದನ್ನು ಬರೆಯುತ್ತಿರುವುದು ಇದೇ ಪ್ರಥಮ. ಲೋಪದೋಷಗಳಿದ್ದಲ್ಲಿ ಮನ್ನಿಸಬೇಕು.

ಊರು ಬಿಡುವುದೇನೋ ಸರಿ, ಹೋಗುವುದೆಲ್ಲಿಗೆ? ಮಾವನವರ ಮಟ್ಟಿಗೆ ಇದು ಪರೀಕ್ಷೆಯಿಂದ ತೀರ್ಮಾನವಾಗಬೇಕಾದ ವಿಷಯ. ಮೊದಲನೆಯದು ರೊಟ್ಟಿಯ ಪರೀಕ್ಷೆ. ಯಾವುದೇ ಊರಿಗೆ ಹೋಗುವಾಗ ಬಿಳಿ ಬಟ್ಟೆಯಲ್ಲಿ ಖಡಕ್ ರೊಟ್ಟಿಯ ಗಂಟೊಂದು ಜೊತೆಗಿರುತ್ತದೆ. ತಲುಪಿದೊಡನೆ ಒಂದು ರೊಟ್ಟಿಯನ್ನು ತಾಟಿನಲ್ಲಿ ಮುಚ್ಚದೆ ಇಡುವುದು, ಮರುದಿನ ಬೆಳಿಗ್ಗೆ ಸದರಿ ರೊಟ್ಟಿಯನ್ನು ಕಿವಿಯ ಬಳಿ ಹಿಡಿದು ಮುರಿಯುವುದು. ಸದ್ದು ಬಂದರೆ ಊರು ಪಾಸು. ಗೋವೆಯಲ್ಲಿ ಮಳೆಗಾಲದ ರೊಟ್ಟಿಯನ್ನು ಮುರಿಯುವ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಅದನ್ನು ನಾಲ್ಕು ಮಡಿಕೆ ಮಡಚಿ ಕಿಸೆಯಲ್ಲಿ ಇಟ್ಟುಕೊಳ್ಳಬಹುದು.

"ಇದು ರೊಟ್ಟಿ ಅಲ್ಲೋ ಅಳ್ಯಾ, ಟಾವೆಲ್," ಎನ್ನುತ್ತಾರೆ ಮಾವ. "ರೊಟ್ಟಿ ಮುರೀಲಾರದ ಊರಾಗ ಮನಷ್ಯಾ ಹೆಂಗ ಬಾಳೇ ಮಾಡಬೇಕು?"

"ಇಷ್ಟ ವರ್ಷ ಮಾಡೀರಲ್ರಿ," ಎಂದು ಒಳಗಿನಿಂದ ಅತ್ತೆಯ ದನಿ ಬರುತ್ತದೆ.

"ಅದಕ್ಕ ಬಾಳೇ ಅಂತಾರೇನು? ಬಿಡಾರ ಅದು."

ಒಮ್ಮೆ ಪಣಜಿಯನ್ನೂ ಪರಿಶೀಲಿಸುವ ಸಲುವಾಗಿ ನನ್ನ ಕೋಣೆಗೆ ದಯಮಾಡಿಸಿದ್ದರು. ನದಿಯ ದಂಡೆಯ ಊರು. ರೊಟ್ಟಿ ಬೆಳಗಿನವರೆಗೂ ಕಾಯದೆ ಸಂಜೆಗೇ ಶರಣಾಯಿತು. ಅದಕ್ಕೂ ಮುಂಚೆ ಮಾವನವರು ಮಧ್ಯಾಹ್ನ ಅಂಗಡಿಗೆ ಹೋಗಿ, ಎಲ್ಲ ಬಾಗಿಲೂ ಮುಚ್ಚಿದ್ದನ್ನು ಕಂಡು ವಾಪಸಾಗಿದ್ದರು. "ಹಾಡಹಗಲ ಮಲಗೋ ಊರು ಉದ್ಧಾರ ಆಗತೈತೇನೋ?" ಎಂದು ಕೇಳಿ, ನನ್ನ ಮಂಚದ ಮೇಲೆ ಅಡ್ಡಾಗಿ, ಚಹದ ಹೊತ್ತಿನವರೆಗೆ ಗೊರಕೆ ಹೊಡೆದರು.

ಎರಡನೆಯದು ಜಗಳದ ಪರೀಕ್ಷೆ. ಊರಿನ ಗುಣ ಅಲ್ಲಿನ ಜಗಳದಲ್ಲಿ ತಿಳಿಯುತ್ತದೆ ಎಂಬುದು ಅವರ ದೃಢ ನಂಬಿಕೆ. ಬೆಳಗಾವಿಯಲ್ಲಿ ರೊಟ್ಟಿ ಉತ್ತಮ ದರ್ಜೆಯಲ್ಲಿ ಉತ್ತೀರ್ಣವಾಯಿತು. ಆದರೆ ಚಹದಂಗಡಿಯ ಮುಂದೆ ಇಬ್ಬರ ಜಗಳ ನೋಡಿ ಬಂದ ಮಾವನವರು ತಲೆಯಾಡಿಸಿದರು. "ಬಯ್ಯೂದು ಒಂದು ಭಾಷಾ, ಸಮಾಧಾನ ಮಾಡೂದು ಇನ್ನೊಂದು ಭಾಷಾ. ನಿಂತು ನೋಡಾವ್ರಿಗೆ ಅರ್ಧಾ ಜಗಳನ ತಿಳೀತೈತಿ. ಅರ್ಧಾ ಜಗಳ ಇಟಗೊಂಡು ಏನ ಮಾಡೂದು?"

ಪುಣೆಯ ವಿಚಾರಣೆಯಂತೂ ಬಾಗಿಲಲ್ಲೇ ಮುಕ್ತಾಯವಾಯಿತು. ಬಾಡಿಗೆ ಮನೆಯ ಮಾಲೀಕರು ಬಾಗಿಲಿಗೆ ಫಲಕ ತೂಗುಹಾಕಿದ್ದರು: ಗಂಟೆಯನ್ನು ಒಂದೇ ಸಲ ಒತ್ತತಕ್ಕದ್ದು. ಮಾವನವರು ಒಂದು ಸಲವೂ ಒತ್ತದೆ ಹಿಂದಿರುಗಿದರು. "ಒಂದ ಸಲಕ್ಕ ಕೇಳಸಲಿಲ್ಲ ಅಂದ್ರ? ಜಲಮಪೂರ್ತಿ ಹೊರಗ ನಿಲ್ಲಬೇಕಾಗತೈತಿ."

ಹೀಗೆ ಊರುಗಳು ಒಂದೊಂದಾಗಿ ಅನುತ್ತೀರ್ಣವಾಗುತ್ತಿರಲು, ಕಳೆದ ಮಳೆಗಾಲದಲ್ಲಿ ವಿಷಯ ಗಂಭೀರ ಸ್ವರೂಪ ಪಡೆಯಿತು. ಕಾಣಕೋಣದ ಮನೆಯೊಡತಿ, ಎಲ್ಲರೂ ‘ಬಾಯಿ’ ಎಂದು ಕರೆಯುವ ಒಬ್ಬಂಟಿ ಮುದುಕಿ, ಒಂದು ತೀರ್ಮಾನ ಕೇಳಿದರು. ಈಗಿನ ಕೋಣೆಯ ಬದಲು ಅಂಗಳದ ಕಡೆಯ ದೊಡ್ಡ ಭಾಗವನ್ನೇ ಬಾಡಿಗೆಗೆ ಕೊಡುವುದಾಗಿಯೂ, ಆದರೆ ಕಾಯಂ ಇರುವವರಿಗೇ ಕೊಡುವುದಾಗಿಯೂ, ಚೌತಿಯೊಳಗೆ ಉತ್ತರ ಬಾರದಿದ್ದಲ್ಲಿ ಬೇರೆಯವರನ್ನು ನೋಡಿಕೊಳ್ಳುವುದಾಗಿಯೂ ತಿಳಿಸಿದರು.

ಮಾವನವರು ಅಂದೇ ಹುಬ್ಬಳ್ಳಿಗೆ ಹೊರಡಲು ಸಿದ್ಧರಾದರು. ನನ್ನನ್ನೂ ರಜೆ ಹಾಕಿಸಿ ಕರೆಸಿಕೊಂಡರು.

ಹೊರಡುವ ಮುನ್ನ ಅತ್ತೆ ಮಣಿ ಪೋಣಿಸುತ್ತ ನನ್ನೊಬ್ಬನಿಗೇ ಹೇಳಿದರು. "ನನಗ ಇಲ್ಲೇ ಇರಬೇಕು ಅನಸ್ತೈತಿ ತಮ್ಮಾ. ಇಲ್ಲೆ ನನ್ನ ಹೆಸರ ಹಿಡದು ಕರೀತಾರ. ಊರಾಗ ನಾ ಬರೇ ಇಂಥವರ ಹೇಂತಿ, ಇಂಥವರ ಸೊಸಿ."

"ಮತ್ತ ಮಾವಗ ಹೇಳ್ರೆಲಾ."

"ಬ್ಯಾಡ. ಮೊಳಕಾಲ ಊರಿ ಊರಿ ಮಂದಿ ಮನಿಗೆ ಫರಸಿ ಹಾಕ್ಯಾರ. ಒಣಾ ಊರಾಗ ಕುಂದ್ರಬೇಕು ಅನ್ನೂದು ಅವರದೊಂದ ಆಸಿ. ನಾ ಯಾಕ ಅಡ್ಡ ಬರ್ಲಿ?"

ಹುಬ್ಬಳ್ಳಿಯಲ್ಲಿ ನಾವು ಮೂವರೂ ಇಳಿದುಕೊಂಡದ್ದು ನೋಡಬೇಕಾಗಿದ್ದ ಮನೆಯ ಓಣಿಯಲ್ಲೇ ಇದ್ದ ನೆಂಟರಲ್ಲಿ. ಬೆಳಿಗ್ಗೆ ರೊಟ್ಟಿ ಮುರಿದ ಸದ್ದಿಗೆ ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರೆಂದರೆ ಉತ್ಪ್ರೇಕ್ಷೆಯಾದೀತು. ಆದರೆ ತೆರೆದದ್ದು ನಿಜ. ನಳದ ಬಳಿ ಇಬ್ಬರು ಹೆಂಗಸರು ಅಚ್ಚ ಕನ್ನಡದಲ್ಲಿ, ಆದಿಯಿಂದ ಅಂತ್ಯದವರೆಗೆ ಸಾಂಗವಾಗಿ ಜಗಳವಾಡಿದರು. ಮಧ್ಯಾಹ್ನ ಅವರಲ್ಲೊಬ್ಬರು ಇನ್ನೊಬ್ಬರಿಗೆ ಬದನೆಕಾಯಿ ಪಲ್ಯ ಕೊಟ್ಟುಬಂದರು. ಮಾವನವರ ಕಣ್ಣು ತುಂಬಿ ಬಂದಿತು. "ಅಳ್ಯಾ, ಇದಪಾ ಊರಂದ್ರ."

ಮನೆಯನ್ನೂ ನೋಡಿದೆವು. ಲೋಪವೇ ಇಲ್ಲ. ಮಾಲೀಕರು ಅತ್ತೆಯ ಕಡೆ ತಿರುಗಿ, "ಏನ್ರಿ ಅಕ್ಕಾರ, ಮನಿ ಮನಸಿಗೆ ಬಂತ್ರಿ?" ಎಂದರು.

ತಲೆ ತುಂಬ ಸೆರಗು ಹೊದ್ದು ಹೊಸ್ತಿಲಾಚೆ ನಿಂತಿದ್ದ ಅತ್ತೆ, "ಚಲೋ ಐತ್ರಿ," ಎಂದರು. ಮಾವನವರು ಅವರನ್ನೊಮ್ಮೆ ನೋಡಿ, ನಾಳೆ ತಿಳಿಸುತ್ತೇನೆಂದು ಮಾಲೀಕರಿಗೆ ಕೈಮುಗಿದರು.

ಮರಳುವಾಗ ಮಡಗಾಂವ್ ಬಸ್ಸು ಘಟ್ಟ ಇಳಿದು ಗೋವೆಯ ಗಡಿಯ ಮೊಲ್ಲೆಮ್‌ನಲ್ಲಿ ನಿಂತಿತು. ಬುಟ್ಟಿ ಹೊತ್ತ ಮುದುಕಿಯೊಬ್ಬಳು ಹತ್ತಿ ಅತ್ತೆಯ ಪಕ್ಕ ಕುಳಿತಳು. ಇಬ್ಬರಿಗೂ ಕೊಂಕಣಿಯಲ್ಲಿ ಮಾತು ಹತ್ತಿತು. ವಿದೇಶಿ ಗಿರಾಕಿಯೊಬ್ಬ ತನ್ನಿಂದ ಕಾಲ್ಗೆಜ್ಜೆ ಕೊಂಡು ಬೀದಿನಾಯಿಯ ಕೊರಳಿಗೆ ಕಟ್ಟಿದ್ದು, ಆ ನಾಯಿ ಅಂದಿನಿಂದ ತನ್ನನ್ನು ತವರುಮನೆಯವಳೆಂದು ತಿಳಿದು ದಂಡೆಯ ಉದ್ದಕ್ಕೂ ಗಿಲಿಗಿಲಿ ಎನ್ನುತ್ತ ಹಿಂಬಾಲಿಸುತ್ತಿರುವುದು, ಇವನ್ನೆಲ್ಲ ಅತ್ತೆ ಕೈಕಾಲು ಆಡಿಸಿ ವರ್ಣಿಸಿದರು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿ ಕೇಳಿದ. ಸೆರಗು ಹೆಗಲಿಗೆ ಜಾರಿದ್ದು ಅತ್ತೆಯ ಅರಿವಿಗೆ ಬಂದಿರಲಿಲ್ಲ. ಅವರ ನಗೆಗೆ ಇಡೀ ಬಸ್ಸು ನಕ್ಕಿತು.

ಇಷ್ಟು ವರ್ಷವಾದರೂ ಮಾವನವರಿಗೆ ಕೊಂಕಣಿ ಕಾಲುಭಾಗವೇ ತಿಳಿಯುವುದು. "ಏನ ಅನ್ನಾಕತ್ಯಾಳೋ?" ಎಂದು ನನ್ನನ್ನು ಕೇಳಿದರು. ಹೇಳಿದೆ. ಅವರು ನಗಲಿಲ್ಲ. ಮಡಗಾಂವ್‌ನಲ್ಲಿ ಬಸ್ಸು ಬದಲಿಸಿದ ಮೇಲೂ, ಕಾಣಕೋಣ ಬರುವವರೆಗೂ ಕಿಟಕಿಯ ಕಡೆ ನೋಡದೆ ಅತ್ತೆಯನ್ನೇ ನೋಡುತ್ತ ಕುಳಿತರು.

ಇಳಿದವರು ತಮ್ಮ ಕೋಣೆಗೂ ಹೋಗದೆ ನೇರವಾಗಿ ಬಾಯಿಯವರ ಅಂಗಳಕ್ಕೆ ನಡೆದರು. ತಮ್ಮ ಕಾಲುಭಾಗದ ಕೊಂಕಣಿಯನ್ನೆಲ್ಲ ಒಟ್ಟುಗೂಡಿಸಿ, "ಆಮಿ ಹಾಂಗಾಚ್ ರಾವ್ತಾಂವ್," ಎಂದರು. ನಾವು ಇಲ್ಲಿಯೇ ಇರುತ್ತೇವೆ ಎಂದು.

ಅತ್ತೆ ಅಲ್ಲಿಯೇ ನಿಂತುಬಿಟ್ಟರು. "ಮತ್ತ ಹುಬ್ಬಳ್ಳಿಗೆ ಏನಾತ್ರಿ? ಎಲ್ಲಾ ಪಾಸ್ ಆಗಿತ್ತಲ್ಲ?"

"ಆಗಿತ್ತು."

"ಮತ್ತ?"

ಮಾವನವರು ಚಪ್ಪಲಿಯ ಮಣ್ಣು ಒರೆಸುತ್ತ, ತಲೆ ಎತ್ತದೆ ಹೇಳಿದರು: "ಅಲ್ಲಿ ಇರೋತನಕ ನೀ ಒಮ್ಮಿನೂ ಬಾಯಿ ಬಿಟ್ಟು ನಗಲಿಲ್ಲ. ಅಂಥಾ ಊರು ಏನ ಮಾಡೂದೈತಿ?"

ಕನ್ನಡ ಬಾರದ ಬಾಯಿಯವರು ಇವರೇನು ಹೇಳಿದರೆಂದು ಅತ್ತೆಯನ್ನು ಕೇಳಿದರು. ಕೊಂಕಣಿಯಲ್ಲಿ ಇಡೀ ಬಸ್ಸನ್ನು ನಗಿಸಿದ್ದ ಅತ್ತೆಗೆ ಅದೊಂದನ್ನು ಮಾತ್ರ ಹೇಳಲಾಗಲಿಲ್ಲ.