ದಸ್ತಖತ್ತಿಲ್ಲದ ಪವಾಡಗಳು

ನಮ್ಮ ಕಡೆ ವಾರಕ್ಕೊಂದು ಪವಾಡ ನಡೆಯದಿದ್ದರೆ ಜನಕ್ಕೆ ಉಂಡ ಅನ್ನ ಅರಗುವುದಿಲ್ಲ. ನಾನು ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿ ನಿವೃತ್ತನಾದ ಮಾಸ್ತರ. “ವಿಜ್ಞಾನಕ್ಕೂ ತಿಳೀಲಾರದ್ದು ಐತ್ರಿ” ಎಂದು ನಾರಾಯಣಪೇಟೆಯ ಚಹಾ ಅಂಗಡಿಯಲ್ಲಿ ಗೆಳೆಯರು ಕೆಣಕಿದ್ದಕ್ಕೆ ಮೈಯೆಲ್ಲ ಉರಿದು ಪವಾಡಗಳನ್ನು ಬರೆದಿಡಲು ಒಂದು ನೋಟುಬುಕ್ಕು ಕೊಂಡೆ. ನಿಯಮ ಎರಡೇ: ಹೇಳುವವರು ಕಣ್ಣಾರೆ ಕಂಡಿರಬೇಕು, ಕೆಳಗೆ ದಸ್ತಖತ್ ಹಾಕಬೇಕು. ಕೊನೆಗೆ ‘ಕಾರಣ’ ಎಂಬ ಜಾಗ. ಅದನ್ನು ತುಂಬುವವನು ನಾನು. ಒಂದೇ ಒಂದು ಖಾಲಿ ಉಳಿದರೂ ನಾನು ಸೋತೆನೆಂದು ಎಲ್ಲರೆದುರು ಒಪ್ಪಿಕೊಳ್ಳಬೇಕು.

ಹೊರಡುವಾಗ ಹೆಂಡತಿ, “ಅಡಿಗಿಮನಿ ನಲ್ಲಿ ತಿಂಗಳಗಟ್ಟಲೆ ಸೋರಾಕತ್ತೈತಿ, ಮೊದ್ಲು ಅದನ್ನ ನೋಡ್ರಿ” ಎಂದಳು. “ವಾಶರ್ ಸವೆದೈತಿ” ಎಂದು ಕಾರಣ ವಿವರಿಸಿ ಬಸ್ಸು ಹತ್ತಿದೆ.

೧. ಆಕಾಶದ ಮೀನು

ಜೂರಾಲ ಅಣೆಕಟ್ಟಿನ ಹತ್ತಿರ ರೈತರೊಬ್ಬರ ಅಂಗಳದಲ್ಲಿ ಆಕಾಶದಿಂದ ಮೀನು ಬಿತ್ತೆಂದು ಸುದ್ದಿ. ಓಡಿದೆ.

“ನಾವು ಲಿಂಗ ಕಟ್ಟಿದ ಮಂದಿ. ನಮ್ಮ ಅಂಗಳಕ್ಕ ಮೀನು ಹ್ಯಾಂಗ ಬರ್ತೈತಿ, ಹೇಳ್ರಿ!” ಎಂದು ರೈತರು ನನಗೇ ಸವಾಲು ಹಾಕಿ, ಮುಚ್ಚಿದ್ದ ಬುಟ್ಟಿ ಎತ್ತಿದರು. ಕೆಳಗಿದ್ದ ಮೀನಿನ ತುಂಡಿಗೆ ಉಪ್ಪು, ಖಾರ, ಅರಿಶಿಣ ಹಚ್ಚಿತ್ತು.

“ಮೋಡದಾಗ ಮಸಾಲಿ ಅರೀತಾರೇನ್ರಿ?” ಎಂದು ರೇಗಿದೆ. ಅಷ್ಟರಲ್ಲಿ ಗೋಡೆಯಾಚೆಯಿಂದ ಪಕ್ಕದ ಮನೆಯಾಕೆ ಕೂಗಿದಳು: “ಯಣ್ಣಾ, ನನ್ನ ಮೀನದ ತುಂಡು ಕಾಗಿ ಎತ್ಕೊಂಡು ಹಾರ್ತು. ಆ ಕಡಿ ಬಂತೇನು?”

ದಸ್ತಖತ್ತಿಗೆಂದು ನಾನು ಕೊಟ್ಟಿದ್ದ ಪೆನ್ನನ್ನು ರೈತರು ಹಿಂದಕ್ಕೆ ಕೊಟ್ಟರು. “ಮಾಸ್ತರ್ರೀ, ಬಿದ್ದದ್ದು ಆಕಾಶದಿಂದಾನೇ. ಆದ್ರ ದಸ್ತಖತ್ ಬ್ಯಾಡ್ರಿ.”

೨. ಅಜ್ಜನ ಮಗ್ಗ

ಗದ್ವಾಲದ ನೇಕಾರರ ಮನೆಯೊಂದರಲ್ಲಿ, ಎಲ್ಲರೂ ಊಟಕ್ಕೆ ಎದ್ದಾಗ ಸತ್ತುಹೋದ ಅಜ್ಜ ಬಂದು ಮಗ್ಗ ಅಲುಗಿಸುತ್ತಾನಂತೆ. ಎರಡು ತಾಸು ಕಾದೆ. ಯಾರೂ ಮುಟ್ಟದೆ ಮಗ್ಗ ನಿಜವಾಗಿಯೂ ನಡುಗಿತು! ಸೋತೆ ಅಂದುಕೊಂಡೆ. ಆದರೂ ಮನಸ್ಸು ತಡೆಯದೆ ಪಕ್ಕದ ಮನೆಗೆ ಹೋಗಿ ಇಣುಕಿದರೆ, ಅಲ್ಲೊಬ್ಬ ನೇಯುತ್ತಿದ್ದ. ಎರಡೂ ಮನೆಯ ಮಗ್ಗದ ತೊಲೆಗಳು ಒಂದೇ ನಡುಗೋಡೆಯಲ್ಲಿ ಹೂತಿದ್ದವು. ಅಲ್ಲಿ ಬಡಿದರೆ ಇಲ್ಲಿ ನಡುಕ.

ಬಂದು ಹೇಳಿದೆ. ಮನೆಯ ಮುದುಕಿ ಎಲಿ-ಅಡಿಕೆ ಜಗಿಯುತ್ತ, “ಅದು ನಮಗೂ ಗೊತ್ತೈತಿ ತಮ್ಮಾ” ಎಂದಳು.

“ಮತ್ತ ಅಜ್ಜ ಅಂತ ಯಾಕ ಹೇಳಿದ್ರಿ?”

“ಪಾಪ, ಬಿಸಿಲಾಗ ನಾರಾಯಣಪೇಟಿಂದ ಬಂದೀದಿ. ಬರೇ ಗೋಡಿ ಅಂತ ಹೇಳಿ ಕಳಿಸೂದು ಚೊಲೋ ಕಾಣ್ತದೇನು?”

೩. ಬೆಳೆಯುವ ಬಂಡೆ

ಮಖ್ತಲದಲ್ಲಿ ಒಬ್ಬರು ತಮ್ಮೂರ ಬಂಡೆ ವರ್ಷಕ್ಕೊಂದು ಗೇಣು ಬೆಳೆಯುತ್ತದೆ ಎಂದರು.

“ಕಣ್ಣಾರೆ ಕಂಡೀರೇನು?”

“ನಮ್ಮ ಷಡ್ಡಕ ಕಂಡಾನ್ರಿ. ಅವನ ಕಣ್ಣು ಬ್ಯಾರೆ, ನನ್ನ ಕಣ್ಣು ಬ್ಯಾರೆ ಏನ್ರಿ?”

“ಹಂಗಾದ್ರ ಹಾಕ್ರಿ ದಸ್ತಖತ್.”

“ಕೈ ಮಾತ್ರ ಬ್ಯಾರೆ ಅದಾವ್ರಿ.”

೪. ಒಂದೇ ದಸ್ತಖತ್

ಮನೆಗೆ ಬಂದು ಪವಾಡ ಹೇಳಿದವರನ್ನೆಲ್ಲ ಬಾಯಿಗೆ ಬಂದಂತೆ ಬೈದೆ. “ಇಡೀ ಸೀಮ್ಯಾಗ ಸಹಿ ಹಾಕೋ ಧೈರ್ಯ ಒಬ್ರಿಗೂ ಇಲ್ಲ!” ನೋಟುಬುಕ್ಕು ಬಿಸಾಕಿ ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಹೊಸ ಪುಟದಲ್ಲಿ ಹೆಂಡತಿಯ ಅಕ್ಷರ:

“ನಮ್ಮ ಮನಿಯವರು ನಲ್ಲಿ ಯಾಕ ಸೋರತೈತಿ ಅಂತ ಅರ್ಧ ತಾಸು ಹೇಳ್ತಾರ. ಗದ್ವಾಲದ ತನಕ ಹೋಗಿ ಮಗ್ಗ ನೋಡ್ತಾರ. ಬಸ್ ಸ್ಟ್ಯಾಂಡಿನ ಎದುರಿಗೇ ನಲ್ಲಿ ಸಾಮಾನಿನ ಅಂಗಡಿ ಐತಿ. ಆರು ತಿಂಗಳಾತು, ವಾಶರ್ ಬಂದಿಲ್ಲ. ಕಣ್ಣಾರೆ ಕಂಡೀನಿ.”

ಕೆಳಗೆ ದುಂಡಗೆ ದಸ್ತಖತ್. ಸಾಲದ್ದಕ್ಕೆ ಅಕ್ಕಪಕ್ಕದ ಮನೆಯ ಇಬ್ಬರ ಸಾಕ್ಷಿ.

ನಿಯಮದ ಪ್ರಕಾರ ಎಲ್ಲವೂ ಸರಿಯಾಗಿತ್ತು. ನಿಯಮ ಮಾಡಿದವನೂ ನಾನೇ. ‘ಕಾರಣ’ ಎಂಬಲ್ಲಿ ಪೆನ್ನು ಹಿಡಿದು ಕೂತೆ. ಚಹಾ ಅಂಗಡಿಯ ಮುಖಗಳೆಲ್ಲ ಕಣ್ಣೆದುರು ಬಂದವು. ಆ ಜಾಗ ಇವತ್ತಿಗೂ ಖಾಲಿ ಇದೆ. ನಲ್ಲಿ ಇವತ್ತಿಗೂ ಸೋರುತ್ತಿದೆ.