ಎಲ್ಲರನ್ನೂ ತೂಗುವ ನಮ್ಮ ಭಾವ

ನಮ್ಮ ಭಾವನ ಮುಂದೆ ಹೊಟ್ಟೆ ಒಳಕ್ಕೆಳೆದುಕೊಂಡು ನಿಂತರೆ ಏನೂ ಪ್ರಯೋಜನವಿಲ್ಲ. ಮುಖ ನೋಡುವ ಮೊದಲೇ ಅವರು ತೂಕ ನೋಡಿರುತ್ತಾರೆ! "ಬಾರೋ, ಎಪ್ಪತ್ತೆಂಟು. ದೀಪಾವಳೀಲಿ ಎಪ್ಪತ್ತಾರಿದ್ದೆ." ನನಗೆ ಸಿಗುವ ಸ್ವಾಗತ ಇಷ್ಟೇ.

ತಪ್ಪು ಅವರದಲ್ಲ, ಉದ್ಯೋಗದ್ದು. ಆಕ್ಲೆಂಡಿನಿಂದ ಉತ್ತರದ ತುದಿಗೆ, ಅಲ್ಲಿನ ಮೂಲನಿವಾಸಿಗಳಾದ ಮಾವೋರಿಗಳ ಊರುಗಳಿಗೆ ಹಾರುವ ಪುಟ್ಟ ವಿಮಾನ ಕಂಪನಿಯೊಂದರಲ್ಲಿ ಅವರಿಗೆ ಕೆಲಸ. ಕೆಲವೇ ಸೀಟಿನ ವಿಮಾನ. ಚೀಲಗಳನ್ನಷ್ಟೇ ತೂಗಿದರೆ ಸಾಲದು, ಹತ್ತುವವರನ್ನೂ ತೂಗಿ, ಯಾರು ಮುಂದೆ, ಯಾರು ಹಿಂದೆ ಎಂದು ಭಾರ ನೋಡಿ ಕೂರಿಸಬೇಕು. ಏರ್‌ಪೋರ್ಟಿನಲ್ಲಿ ಮಾಡಿಕೊಳ್ಳಲಿ, ಬೇಡ ಎಂದವರು ಯಾರು? ಪಾಪಟೋಟೊಯಿ ಬಡಾವಣೆಯ ತಮ್ಮ ಮನೆಗೆ ಪರಿಚಯದವರನ್ನು ಯುಗಾದಿ ಊಟಕ್ಕೆ ಕರೆದಾಗಲೂ ಅದೇ! "ಆಂಟಿ, ನೀವು ಆ ಸೋಫಾಗೆ ಬನ್ನಿ. ಈ ಕಡೆ ಭಾರ ಜಾಸ್ತಿ ಆಯ್ತು." ಆಂಟಿ ಅಂದು ಹೋಳಿಗೆ ಮುಟ್ಟಲಿಲ್ಲ. ಅಕ್ಕ ಒಂದು ವಾರ ಭಾವನ ಜೊತೆ ಮಾತಾಡಲಿಲ್ಲ.

ಅಕ್ಕನಿಗಾದರೂ ವಿನಾಯಿತಿ ಉಂಟೇ? "ನಂದು ಒಂದು ಕೆಜಿ ಕಮ್ಮಿ ಹೇಳಿದ್ರೆ ನಿಮ್ಮ ಗಂಟೇನು ಹೋಗತ್ತೆ?" ಎಂದು ಅವಳು ಕೇಳಿದರೆ, "ತೂಕದಲ್ಲಿ ಸುಳ್ಳು ಹೇಳಿದ್ರೆ ವಿಮಾನ ಬೀಳತ್ತೆ ಕಣೇ" ಎನ್ನುತ್ತಾರೆ. ಅಡುಗೆಮನೆಯಲ್ಲಿ ಎಲ್ಲಿಯ ವಿಮಾನ!

ಇಂಥ ಸತ್ಯವಂತರು ಸುಳ್ಳು ಹೇಳುವುದನ್ನು ನಾನು ಕಣ್ಣಾರೆ ಕಂಡೆ. ಅವರನ್ನು ಮನೆಗೆ ಕರೆದೊಯ್ಯಲು ಹೋಗಿ ಕೌಂಟರಿನ ಹಿಂದೆ ನಿಂತಿದ್ದೆ. ಪ್ರತಿ ವಾರ ಆಕ್ಲೆಂಡಿನ ಆಸ್ಪತ್ರೆಗೆ ಬಂದು ಊರಿಗೆ ಮರಳುವ ಮಾವೋರಿ ಅಜ್ಜಿಯೊಬ್ಬರು ಮೊಮ್ಮಗಳ ಕೈ ಹಿಡಿದು ತೂಕದ ಯಂತ್ರ ಹತ್ತಿದರು. ಅಂಕಿ ಕಾಣುವುದು ನಮ್ಮ ಕಡೆಗೆ ಮಾತ್ರ. ನಲವತ್ತಾರು. ಭಾವ ಇಂಗ್ಲಿಷಿನಲ್ಲಿ ಕೂಗಿದರು, "ನಲವತ್ತೊಂಬತ್ತು! ಹೋದ ವಾರಕ್ಕಿಂತ ಒಂದು ಜಾಸ್ತಿ!" ಅಜ್ಜಿ ನಕ್ಕು, ಅವರ ಕೆನ್ನೆ ತಟ್ಟಿ ವಿಮಾನದ ಕಡೆ ನಡೆದರು.

ಕಾರಿನಲ್ಲಿ ನಾನು ಬಿಡುತ್ತೇನೆಯೇ? "ಈಗ ವಿಮಾನ ಬೀಳಲ್ವಾ ಭಾವ?"

"ಕಾಗದದಲ್ಲಿ ನಲವತ್ತಾರೇ ಬರ್ದಿದೀನಿ. ನಿಮ್ಮಕ್ಕಂಗೆ ಹೇಳ್ಬೇಡ." ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅವರೇ ಅಂದರು, "ವಾರ ವಾರ ಇಳೀತಿದಾರೆ ಕಣೋ. ಮುಖ ನೋಡ್ಕೊಂಡು ಹೇಗೆ ಹೇಳ್ಲಿ?"

ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡರು. ಕೆಲವು ವಾರಗಳ ಮೇಲೆ ಮೊಮ್ಮಗಳು ಒಬ್ಬಳೇ ಬಂದು, ಅಜ್ಜಿ ಕೊಡಲು ಹೇಳಿದ್ದರೆಂದು ಒಂದು ಚೀಲ ಕುಮರಾ ಗೆಣಸನ್ನು ಭಾವನ ಕೈಗಿಟ್ಟಳು. ಆಮೇಲೆ ಇನ್ನೊಂದು ಮಾತನ್ನೂ ಹೇಳಿದಳು. ಆಸ್ಪತ್ರೆಯಲ್ಲೂ ಪ್ರತಿ ಸಲ ತೂಗುತ್ತಿದ್ದರಂತೆ. ಅಜ್ಜಿಗೆ ಎಲ್ಲ ಗೊತ್ತಿತ್ತಂತೆ. "ಅವನಿಗೆ ಹೇಳಬೇಡ, ಪಾಪ, ಎಷ್ಟು ಖುಷಿಯಿಂದ ಕೂಗುತ್ತಾನೆ" ಎನ್ನುತ್ತಿದ್ದರಂತೆ.

ಇದನ್ನು ನಮಗೆ ಹೇಳುತ್ತ ಭಾವ ಅಡುಗೆಮನೆಯಲ್ಲಿ ನಿಂತೇ ಅತ್ತುಬಿಟ್ಟರು. ಅಕ್ಕ ಗೆಣಸಿನ ಚೀಲ ಎತ್ತಿ ನೋಡಿ, "ಎಷ್ಟಿದೆ ರೀ ಇದು?" ಎಂದಳು.

"ಗೊತ್ತಿಲ್ಲ ಕಣೇ," ಎಂದರು ಭಾವ. "ತೂಗ್ಲಿಲ್ಲ."